ಟಾಪಿಂಗ್ ಇ30 ಡ್ಯಾಕ್: ಬೆಳಗಾವಿಯ ಮನೆಯಲ್ಲಿ ಬಹಳ ಕಾಲ ಬಳಸಿದ ಮೇಲೆ

ಡ್ಯಾಕ್ ಅಂದರೆ ಲ್ಯಾಪ್‌ಟಾಪ್, ಟಿವಿಗಳ ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಆಗಿ ಬದಲಿಸುವ ಸಾಧನ. ಟಾಪಿಂಗ್ ಕಂಪನಿಯ ಇ30 ಈಗ ಹಳೆಯ ಮಾಡೆಲ್, ಅದರ ಮುಂದಿನ ಆವೃತ್ತಿಯೂ ಬಂದಾಗಿದೆ. ಆದರೂ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ತಗೋಬಹುದಾ ಅಂತ ಕೇಳುವವರಿದ್ದಾರೆ. ಧಾರಾಳವಾಗಿ ತಗೊಳ್ಳಿ. ಟಿಳಕವಾಡಿಯ ನಮ್ಮ ಮನೆಯಲ್ಲಿ ಇದು ಬೆಳಗಾವಿಯ ಮಳೆ, ಥಂಡಿ ಎಲ್ಲ ಕಂಡಿದೆ. ಒಮ್ಮೆಯೂ ಕೈಕೊಟ್ಟಿಲ್ಲ.

ಆರಿಸುವಾಗ ನಾನು ಮೊದಲು ನೋಡಿದ್ದು ಅದರ ಹಿಂಬದಿ. ಯುಎಸ್‌ಬಿ, ಆಪ್ಟಿಕಲ್ (ಬೆಳಕಿನ ಕೇಬಲ್), ಕೋಆಕ್ಸಿಯಲ್ (ತಾಮ್ರದ ಡಿಜಿಟಲ್ ಕೇಬಲ್) ಮೂರೂ ಇನ್‌ಪುಟ್ ಇವೆ. ಲ್ಯಾಪ್‌ಟಾಪ್, ಟಿವಿ, ಅಪ್ಪನ ಹಳೆಯ ಸಿಡಿ ಪ್ಲೇಯರ್, ಮೂರಕ್ಕೂ ಜಾಗ ಸಿಕ್ಕಿತು. ಹೆಡ್‌ಫೋನ್ ಜಾಕ್ ಇಲ್ಲ, ಬ್ಲೂಟೂತ್ ಇಲ್ಲ. ಪೆಟ್ಟಿಗೆಯಲ್ಲಿ ಅಡಾಪ್ಟರ್ ಇರುವುದಿಲ್ಲ, ಮನೆಯಲ್ಲಿರುವ 5 ವೋಲ್ಟ್‌ನ ಒಳ್ಳೆಯ ಮೊಬೈಲ್ ಚಾರ್ಜರ್ ಸಾಕು.

ಈಗ ಮುಖ್ಯ ವಿಷಯ. ನಮ್ಮ ಮನೆಯಲ್ಲಿ ಹೆಚ್ಚಾಗಿ ಕೇಳುವುದು ಕುಮಾರ ಗಂಧರ್ವರನ್ನು. ಅವರು 1924ರಲ್ಲಿ ಹುಟ್ಟಿದ್ದು ನಮ್ಮದೇ ಜಿಲ್ಲೆಯ ಸುಳೇಭಾವಿಯಲ್ಲಿ. ಕ್ಷಯ ಬಂದು ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾದ ಮೇಲೆ ಅವರ ಗಾಯನದಲ್ಲಿ ಚಿಕ್ಕ ಚಿಕ್ಕ ತುಣುಕು, ನಡುನಡುವೆ ಬಿಡುವು. ಆ ಬಿಡುವಿನಲ್ಲಿ ತಂಬೂರಿ ಮಾತ್ರ ಕೇಳಬೇಕು. ಯುಎಸ್‌ಬಿಯಲ್ಲಿ ಜೋಡಿಸಿದ ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿದ ಕೂಡಲೇ ಅಲ್ಲಿ ಗುಂಯ್ ಅನ್ನುವ ಸದ್ದು ತುಂಬಿಕೊಳ್ಳುತ್ತಿತ್ತು. ಮೌಸ್ ಸರಿಸಿದರೆ ಜೊತೆಗೆ ಸಣ್ಣಗೆ ಚಿರ್‌ಚಿರ್. ಚಾರ್ಜರ್ ಕಿತ್ತರೆ ಎರಡೂ ಮಾಯ!

ಇದು ಡ್ಯಾಕ್‌ನ ದೋಷ ಅಲ್ಲ. ಲ್ಯಾಪ್‌ಟಾಪ್ ಚಾರ್ಜರಿನ ಮೂರು ಪಿನ್ ಪ್ಲಗ್ ಒಂದು ಕಡೆಯಿಂದ ಅರ್ಥಿಂಗ್‌ಗೆ ಸೇರುತ್ತದೆ, ಆಂಪ್ಲಿಫೈಯರ್ ಇನ್ನೊಂದು ಕಡೆಯಿಂದ. ನಡುವೆ ಯುಎಸ್‌ಬಿ ತಂತಿ ಸೇರಿ ಸುತ್ತು ಪೂರ್ತಿಯಾಗುತ್ತದೆ, ಗದ್ದಲ ಅದರಲ್ಲೇ ಹರಿದು ಬರುತ್ತದೆ. ಆಪ್ಟಿಕಲ್ ಕೇಬಲ್‌ನಲ್ಲಿ ಹೋಗುವುದು ಬೆಳಕು. ತಾಮ್ರದ ಸಂಪರ್ಕವೇ ಇರುವುದಿಲ್ಲ, ಹಾಗಾಗಿ ಈ ಸುತ್ತು ಅಲ್ಲೇ ತುಂಡಾಗುತ್ತದೆ. ಟಿವಿಯಿಂದ ಆಪ್ಟಿಕಲ್‌ನಲ್ಲಿ ಅದೇ ಧ್ವನಿಮುದ್ರಣ ಹಾಕಿದೆ. ತಂಬೂರಿಯ ತಂತಿ ಮಿಡಿದು ಅದರ ನಾದ ಕರಗುವ ತನಕ ಕೇಳಿಸಿತು. ದುಡ್ಡು ಕೊಟ್ಟಿದ್ದು ಸಾರ್ಥಕ ಅನಿಸಿದ್ದು ಆಗಲೇ. ಆದ್ದರಿಂದ ಯಾವ ಡ್ಯಾಕ್ ತಗೊಂಡರೂ ಆಪ್ಟಿಕಲ್ ಇದೆಯಾ ನೋಡಿ. ಅದಿಲ್ಲದ್ದು ಎಷ್ಟೇ ಅಗ್ಗವಾಗಿದ್ದರೂ ನಾನಂತೂ ತಗೊಳ್ಳುವುದಿಲ್ಲ.

ಟಿವಿ ಜೋಡಿಸುವವರು ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂಗೆ, ಅಂದರೆ ಸಾದಾ ಡಿಜಿಟಲ್ ರೂಪಕ್ಕೆ ಬದಲಿಸಬೇಕು. ಡಾಲ್ಬಿಯಲ್ಲಿ ಬಿಟ್ಟರೆ ಇಂಥ ಸ್ಟೀರಿಯೋ ಡ್ಯಾಕ್‌ಗೆ ಅದು ಅರ್ಥವೇ ಆಗುವುದಿಲ್ಲ.

ಇನ್ನು ಡ್ಯಾಕ್‌ನೊಳಗೆ ಈ ಬದಲಾವಣೆ ಮಾಡುವ ಚಿಪ್ ಯಾವುದು ಒಳ್ಳೆಯದು ಅನ್ನುವ ಜಗಳ. ಇ30ಯಲ್ಲಿರುವುದು ಜಪಾನಿನ ಎಕೆಎಂ ಕಂಪನಿಯ ಎಕೆ4493. 2020ರ ಅಕ್ಟೋಬರ್‌ನಲ್ಲಿ ನೊಬೆಯೊಕಾದ ಅವರ ಕಾರ್ಖಾನೆಗೆ ಬೆಂಕಿ ಬಿದ್ದು ಚಿಪ್‌ಗಳು ಸಿಗುವುದೇ ಕಷ್ಟವಾಯಿತು. ಆಗ ಹಲವು ಡ್ಯಾಕ್ ಕಂಪನಿಗಳು ಇಎಸ್‌ಎಸ್ ಅನ್ನುವ ಇನ್ನೊಂದು ಕಂಪನಿಯ ಚಿಪ್ ಕಡೆ ಹೊರಳಿದವು. ಎಕೆಎಂ ಧ್ವನಿ ಮೃದು, ಇಎಸ್‌ಎಸ್ ಧ್ವನಿ ಚೂಪು ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಗೆಳೆಯನ ಹತ್ತಿರ ಇಎಸ್‌ಎಸ್ ಚಿಪ್‌ನ ಡ್ಯಾಕ್ ಇತ್ತು. ಅದನ್ನು ತರಿಸಿ, ಟೆಸ್ಟ್ ಟೋನ್ ಹಾಕಿ, ಸ್ಪೀಕರ್ ತಂತಿಗೆ ಮಲ್ಟಿಮೀಟರ್ ಹಚ್ಚಿ ಎರಡರ ವಾಲ್ಯೂಮ್ ಸಮ ಮಾಡಿದೆ. ಸಾಮಾನ್ಯ ಮೀಟರ್‌ಗೆ 50 ಹರ್ಟ್ಸ್ ಹತ್ತಿರದ ಟೋನ್ ಒಳ್ಳೆಯದು. ಕಾಕಾನನ್ನು ಕೂರಿಸಿ, ಯಾವುದು ಅಂತ ಹೇಳದೆ ಬದಲಿಸುತ್ತಾ ಹೋದೆ. "ಇದರಾಗ ಏನ್ ಫರಕ್ ಐತೋ ತಮ್ಮಾ, ಎರಡೂ ಒಂದ ಅದಾವಲ್ಲ" ಅಂದರು. ನನಗೂ ಹಾಗೇ ಅನಿಸಿತು.

ವಾಲ್ಯೂಮ್ ಸಮ ಮಾಡದೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಇ30 ಸುಮಾರು 2 ವೋಲ್ಟ್ ಹೊರಗೆ ಕೊಡುತ್ತದೆ. ಫೋನಿನ ಜಾಕ್ ಸಾಮಾನ್ಯವಾಗಿ 1 ವೋಲ್ಟ್ ಅಥವಾ ಅದಕ್ಕೂ ಕಡಿಮೆ. ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಅಂತ ಕಿವಿ ನಂಬಿಬಿಡುತ್ತದೆ, ಅಲ್ವಾ?

ಬಿಟ್, ಕಿಲೋಹರ್ಟ್ಸ್‌ನ ದೊಡ್ಡ ಅಂಕಿಗಳಿಗೂ ಸುಮ್ನೆ ಜಾಸ್ತಿ ದುಡ್ಡು ಸುರಿಯಬೇಡಿ. ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್‌ನಲ್ಲೇ ಅತಿ ಮೆಲ್ಲನೆಯ ಮತ್ತು ಅತಿ ಜೋರಿನ ಸದ್ದಿನ ನಡುವೆ ಸುಮಾರು 96 ಡೆಸಿಬೆಲ್ ಅಂತರ ಹಿಡಿಸುತ್ತದೆ. ಫ್ಯಾನ್ ತಿರುಗುವ ಹಾಲ್‌ನಲ್ಲಿ ಅಷ್ಟೂ ಕಿವಿಗೆ ಸಿಗುವುದಿಲ್ಲ. ಇ30ಯ ಡಿಸ್‌ಪ್ಲೇ ಯಾವ ದರದಲ್ಲಿ ಹಾಡು ಬರುತ್ತಿದೆ ಅಂತ ತೋರಿಸುತ್ತದೆ, ಇದು ತುಂಬಾ ಉಪಯೋಗಿ. ಆಂಡ್ರಾಯ್ಡ್ ಫೋನ್ ಜೋಡಿಸಿ ಸಿಡಿ ಗುಣಮಟ್ಟದ ಹಾಡು ಹಾಕಿದಾಗಲೂ 44.1ರ ಬದಲು 48 ಅಂತ ತೋರಿಸಿದರೆ ಗಾಬರಿ ಬೇಡ. ಫೋನೇ ಅದನ್ನು ಬದಲಿಸಿ ಕಳಿಸುತ್ತಿರುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ನಮ್ಮ ಆಂಪ್ಲಿಫೈಯರ್ ಗುಂಯ್‌ಗುಡುತ್ತದೆ. ನಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್, ಅದರ ಮೇಲೆ ಟ್ರಾನ್ಸ್‌ಫಾರ್ಮರ್ ಸದ್ದು ಮಾಡುತ್ತದೆ. ಡ್ಯಾಕ್ ಬದಲಿಸಿದರೆ ಅದು ಹೋಗುವುದಿಲ್ಲ. ಸೈನ್ ವೇವ್ ಇನ್ವರ್ಟರ್ ಬೇಕು.

ಕೊಳ್ಳುವ ಮುಂಚೆ ನಿಮ್ಮ ಆಂಪ್ಲಿಫೈಯರ್ ಹಿಂದೆ ಒಮ್ಮೆ ಟಾರ್ಚ್ ಹಿಡಿದು ನೋಡಿ. ಅಲ್ಲಿ ಆಪ್ಟಿಕಲ್ ಇನ್‌ಪುಟ್ ಇದ್ದರೆ ಒಳಗೆ ಡ್ಯಾಕ್ ಇದ್ದೇ ಇದೆ ಅಂತ ಅರ್ಥ. ಮೊದಲು ಅದನ್ನು ಬಳಸಿ ನೋಡಿ. ಸದ್ದಿಲ್ಲದೆ ನಡೆದರೆ ಈ ದುಡ್ಡನ್ನು ಸ್ಪೀಕರ್‌ಗೆ ಹಾಕಿ.