14 ತಿಂಗಳು ಬಿಗಿ ಸಾಕ್ಸ್ ಹಾಕಿದ ಮೇಲೆ

ಮುಂಬೈಯ ಮಾಟುಂಗದ ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ನಿಲ್ಲುವವನು ನಾನು. ದಿನಕ್ಕೆ ಹತ್ತು ಗಂಟೆ ನಿಂತೇ ಕೆಲಸ. ಸಂಜೆ ಡೊಂಬಿವಲಿಗೆ ಹೋಗುವ ಸ್ಲೋ ಲೋಕಲ್ಲಿನಲ್ಲೂ ನಿಂತೇ. ಎಡಗಾಲಿನ ಮೀನಖಂಡದಲ್ಲಿ ರಕ್ತನಾಳ ಉಬ್ಬಿ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ರಾತ್ರಿ ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಡಾಕ್ಟರು ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್ ಮಾಡಿಸಿ, ಕ್ಲಾಸ್ 2 ಕಂಪ್ರೆಷನ್ ಸ್ಟಾಕಿಂಗ್ಸ್ ಬರೆದುಕೊಟ್ಟರು: ಕಾಲನ್ನು ಮಧ್ಯಮ ಬಿಗಿಯಲ್ಲಿ ಒತ್ತಿ ಹಿಡಿಯುವ ಉದ್ದ ಸಾಕ್ಸ್.

ಮೊದಲು ಬೈಗುಳ. ಅಂಗಡಿಯವರು ಕೊಟ್ಟದ್ದು ತೊಡೆವರೆಗಿನದ್ದು, ಮೇಲೆ ಸಿಲಿಕೋನ್ ಪಟ್ಟಿ. ಮೇ ತಿಂಗಳ ಮುಂಬೈ ಸೆಕೆ, ಎದುರಿಗೆ ಉರಿಯುವ ಕಾವಲಿ. ಹನ್ನೊಂದು ಗಂಟೆಗೆ ಪಟ್ಟಿ ಬೆವರಲ್ಲಿ ಜಾರಿ ಮಂಡಿ ಹಿಂದೆ ಮುದ್ದೆಯಾಗುತ್ತಿತ್ತು. ಅಲ್ಲೇ ಬಿಗಿದು ಕಾಲು ಇನ್ನೂ ಜಾಸ್ತಿ ಬಾತುಕೊಳ್ಳುತ್ತಿತ್ತು. ತೊಡೆ ತುಂಬಾ ಕೆಂಪು ಗುಳ್ಳೆ. ಅಳತೆ ತೆಗೆದದ್ದು ಬೇರೆ ಸಂಜೆ ಏಳಕ್ಕೆ, ಊದಿದ ಕಾಲಿನ ಮೇಲೆ! ಬೆಳಿಗ್ಗೆ ಊತ ಇಳಿದಿರುವಾಗ ತೆಗೆಯಬೇಕಾದ ಅಳತೆ ಅದು. ವಾಪಸ್ ತಗೊಳ್ಳಲ್ಲ ಅಂದರು. 2,400 ರೂಪಾಯಿ ನೀರಿಗೆ ಹೋಯಿತು. ಡಾಕ್ಟರಿಗೆ ತೋರಿಸಿದರೆ, ನಿಮಗೆ ಮಂಡಿ ಕೆಳಗಿನದೇ ಸಾಕಿತ್ತು ಎಂದರು.

ಎರಡನೇ ಜೋಡಿ ಬಂದ ಮೇಲೆ ನನ್ನ ಸಿಟ್ಟು ಇಳಿಯಿತು. ಇದನ್ನು ಹಾಸಿಗೆಯಿಂದ ಏಳುವ ಮುಂಚೆಯೇ ಹಾಕಬೇಕು, ಕಾಲಿಗೆ ರಕ್ತ ಇಳಿದು ನಿಲ್ಲುವ ಮೊದಲು. ನಮ್ಮ ಬಿಲ್ಡಿಂಗಿಗೆ ನೀರು ಬರುವುದು ಬೆಳಗಿನ ಜಾವ ನಾಲ್ಕಕ್ಕೆ. "ಮೊದಲು ಡ್ರಮ್ಮಿಗೆ ಪೈಪ್ ಹಾಕಿ ಮಾರಾಯ್ರೆ, ಆಮೇಲೆ ನಿಮ್ಮ ಶೃಂಗಾರ" ಅಂತಾಳೆ ಹೆಂಡತಿ. ಹಾಗಾಗಿ ಪೈಪ್ ಹಾಕಿ ಬಂದು, ಗೋಡೆಗೆ ಕಾಲೆತ್ತಿ ಹದಿನೈದು ನಿಮಿಷ ಮಲಗುತ್ತೇನೆ. ಡ್ರಮ್ ತುಂಬುವ ಸದ್ದು ಬದಲಾದರೆ ಹೊತ್ತಾಯಿತು ಅಂತ. ಆಮೇಲೆ ಪಾತ್ರೆ ತಿಕ್ಕುವ ರಬ್ಬರ್ ಗ್ಲೌಸ್. ಸಾಕ್ಸನ್ನು ಹಿಮ್ಮಡಿವರೆಗೆ ಮಗುಚಿ, ಪಾದ ತೂರಿಸಿ, ಅಂಗೈಯಲ್ಲಿ ಸವರುತ್ತಾ ಮೇಲಕ್ಕೆ ತರುವುದು. ಎಳೆಯಬಾರದು, ಸವರಬೇಕು. ಬರಿಗೈಯಲ್ಲಿ ಹತ್ತು ನಿಮಿಷದ ಕುಸ್ತಿ, ಗ್ಲೌಸಲ್ಲಿ ಎರಡೇ ನಿಮಿಷ. ಹಿಟ್ಟು ಹರಡುವ ಕೈ ಅಲ್ವಾ, ಬೇಗ ಕಲಿಯಿತು.

ರಕ್ತನಾಳ ಇದರಿಂದ ಗುಣವಾಗುವುದಿಲ್ಲ. ರಕ್ತ ಹಿಂದೆ ಬರದಂತೆ ತಡೆಯುವ ಒಳಗಿನ ಕವಾಟ ಕೆಟ್ಟದ್ದು ಕೆಟ್ಟದ್ದೇ. ಲೇಸರ್ ಮಾಡಿಸಬಹುದು ಎಂದಿದ್ದಾರೆ. ಮಗಳ ಫೀಸು ಮುಗಿಯಲಿ, ನೋಡೋಣ. ಚಟ್ನಿ ರುಬ್ಬುವ ಅಣ್ಣ ನೋಡಿ, ನನಗೂ ಒಂದು ಜೊತೆ ತಾ ಎಂದ. ಅವನಿಗೆ ಸಕ್ಕರೆ ಕಾಯಿಲೆ, ಅದರಿಂದ ಕಾಲಿಗೆ ರಕ್ತ ಹೋಗುವುದು ಕಡಿಮೆಯಾಗಿರಬಹುದು. ಕಾಲಿಗೆ ರಕ್ತ ಸರಿಯಾಗಿ ಇಳಿಯದವರಿಗೆ ಇದು ಅಪಾಯ, ಮೊದಲು ಪರೀಕ್ಷೆ ಮಾಡಿಸು ಅಂತ ಕಳಿಸಿದೆ.

ಮಳೆಗಾಲದಲ್ಲಿ ಮಾತ್ರ ಗೋಳು. ತಣ್ಣೀರಲ್ಲಿ ಒಗೆದು, ಹಿಂಡದೆ, ನೆರಳಲ್ಲಿ ಒಣಗಿಸಬೇಕು. ಜುಲೈಯಲ್ಲಿ ಎರಡು ದಿನವಾದರೂ ತೇವ. ಆರು ತಿಂಗಳಿಗೆ ಬಿಗಿ ಹೋಗುತ್ತದೆ, ಮಂಡಿ ಕೆಳಗಿನದರಲ್ಲಿ ಈಗ ಮೂರನೇ ಜೋಡಿ.

ರಾತ್ರಿ ಒಂಬತ್ತಕ್ಕೆ ಬಿಚ್ಚಿ ಬೆರಳಿಟ್ಟು ಒತ್ತಿ ನೋಡುತ್ತೇನೆ. ಗುಳಿ ಬೀಳುವುದಿಲ್ಲ. ಹೆಣಿಗೆಯ ಸಣ್ಣ ಗೆರೆಗಳು ಮಾತ್ರ ಮೂಡಿರುತ್ತವೆ. ಅವುಗಳ ಮೇಲೆ ನಿಧಾನಕ್ಕೆ ಕೊಬ್ಬರಿ ಎಣ್ಣೆ ಸವರುವ ಸುಖವನ್ನು ಪೆಟ್ಟಿಗೆ ಮೇಲೆ ಯಾರೂ ಬರೆದಿರಲಿಲ್ಲ.