ಹೂವಿನ ಜಾಗದಲ್ಲಿ ಗ್ರೆನೇಡು: ಒಂದು ಅಫ್ಘನ್ ರತ್ನಗಂಬಳಿ

ಕಮರ್ಷಿಯಲ್ ಸ್ಟ್ರೀಟ್ ಪಕ್ಕದ ಗಲ್ಲಿಯ ಅಂಗಡಿಯೊಂದರಲ್ಲಿ ಈ ರತ್ನಗಂಬಳಿ ಕೊಂಡೆ. ಎರಡಡಿ ಅಗಲ, ಮೂರಡಿ ಉದ್ದ. 28 ಸಾವಿರ ಅಂದರು, 19ಕ್ಕೆ ಇಳಿದರು. ಮಾಲು ಚೆನ್ನಾಗಿದೆ. ಆದರೆ ಅವರು ಹೇಳುವ ಕಥೆಗೆ ದುಡ್ಡು ಕೊಡಬೇಡಿ.

ನಾನು ಚಿಕ್ಕಪೇಟೆಯಲ್ಲಿ ಸೀರೆ ಮಾರುವವನು. ಯಾವ ಬಟ್ಟೆಯಾದರೂ ಮೊದಲು ಹಿಂಬದಿ ನೋಡುವ ಚಾಳಿ. ಇದರ ಹಿಂಬದಿಯಲ್ಲೂ ಚಿತ್ರ ಅಷ್ಟೇ ಸ್ಪಷ್ಟವಾಗಿದೆ, ಅಂದರೆ ಕೈಯಲ್ಲೇ ಗಂಟು ಹಾಕಿದ್ದು. ಕುಚ್ಚು ಬೇರೆ ತಂದು ಹೊಲಿದದ್ದಲ್ಲ, ಹಾಸಿನ ನೂಲೇ ಹೊರಗೆ ಬಂದಿದೆ. ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಉಜ್ಜಿದೆ. ನೀಲಿ, ಕಂದು ಗಟ್ಟಿ. ಅಂಚಿನ ಕೆಂಪು ಸ್ವಲ್ಪ ಬಿಟ್ಟಿತು. ಅದನ್ನು ತೋರಿಸಿದ ಮೇಲೇ ಬೆಲೆ ಇಳಿದದ್ದು.

ದೂರದಿಂದ ಬಳ್ಳಿ ಅನ್ನಿಸುವ ಅಂಚು ಹತ್ತಿರ ಹೋದರೆ ಕಲಾಶ್ನಿಕೋವ್ ಬಂದೂಕುಗಳ ಸಾಲು. ಹೂವಿರಬೇಕಾದ ಕಡೆ ಗ್ರೆನೇಡು. ಮೂಲೆಗಳಲ್ಲಿ ಹೆಲಿಕಾಪ್ಟರ್. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿ, ಆಗ ದೇಶ ಆಳುತ್ತಿದ್ದ ಹಫೀಜುಲ್ಲಾ ಅಮೀನನನ್ನು ಅರಮನೆಯಲ್ಲೇ ಕೊಂದು, ಅವನ ಜಾಗದಲ್ಲಿ ಬಬ್ರಾಕ್ ಕರ್ಮಾಲನನ್ನು ಕೂರಿಸಿತು. ಆಮೇಲೆ ನೇಯುವವರ ಕಣ್ಣಿಗೆ ದಿನಾ ಬೀಳುತ್ತಿದ್ದದ್ದು ಇವೇ ಅಲ್ವಾ? ಎಷ್ಟೋ ಕುಟುಂಬಗಳು ಊರು ಬಿಟ್ಟು ಪಾಕಿಸ್ತಾನದ ಪೆಶಾವರದ ಸುತ್ತಲಿನ ನಿರಾಶ್ರಿತರ ಶಿಬಿರಗಳನ್ನು ಸೇರಿ ಅಲ್ಲೂ ಮಗ್ಗ ಹೂಡಿದವು.

ಈಗ ಜಗಳದ ವಿಷಯ. ಅಂಗಡಿಯವರ ಚೀಟಿಯಲ್ಲಿ ನೇಯ್ದ ಇಸವಿ ಅಂತ ಬರೆದದ್ದು 1982. ಗಂಬಳಿಯ ನಡುವೆ ಅಫ್ಘಾನಿಸ್ತಾನದ ನಕಾಶೆ, ಅದರಲ್ಲಿ ಟ್ಯಾಂಕುಗಳೆಲ್ಲ ಉತ್ತರಕ್ಕೆ ಮುಖ ಮಾಡಿ ನದಿ ದಾಟುತ್ತಿವೆ. ಆ ನದಿ ಅಮು ದರ್ಯಾ, ಆಗ ಸೋವಿಯತ್ ಕಡೆಗಿನ ಗಡಿ. ಸೋವಿಯತ್ ಸೇನೆಯ ಕೊನೆಯ ತುಕಡಿ ಸೇತುವೆ ದಾಟಿ ವಾಪಸ್ಸು ಹೋದದ್ದು 1989ರ ಫೆಬ್ರವರಿ 15ಕ್ಕೆ. 1982ರಲ್ಲಿ ಪಂಜ್‌ಶೀರ್ ಕಣಿವೆಯಲ್ಲಿ ಸೋವಿಯತ್ ಸೇನೆಯ ವಿರುದ್ಧ ನಿಂತ ಅಫ್ಘನ್ ಹೋರಾಟಗಾರರ ನಾಯಕ ಅಹ್ಮದ್ ಶಾ ಮಸೂದ್ ಮತ್ತವನ ಕಡೆಯವರು ಇನ್ನೂ ಬೆಟ್ಟದ ಮರೆಯಿಂದ ಹೊಡೆದಾಡುತ್ತಿದ್ದರು. ಹೆಲಿಕಾಪ್ಟರುಗಳಿಗೆ ಭಯ ಹುಟ್ಟಿಸಿದ ಅಮೆರಿಕದ ಸ್ಟಿಂಗರ್ ಕ್ಷಿಪಣಿ ಅಫ್ಘನ್ ಹೋರಾಟಗಾರರ ಕೈಗೆ ಬಂದದ್ದೇ 1986ರಲ್ಲಿ. ವಾಪಸ್ಸಾತಿಯನ್ನು ಏಳು ವರ್ಷ ಮೊದಲೇ ಯಾರು ನೇಯ್ತಾರೆ ಸ್ವಾಮಿ?

ಕೇಳಿದ್ದಕ್ಕೆ "ಹಳೇದಂತೂ ಹೌದಲ್ಲ ಸರ್" ಅಂದರು. ಹೌದು, ಹಳೇದೇ. ಸೋತು ಹೋಗುವ ಸೇನೆಯ ಬೆನ್ನನ್ನು ಇಷ್ಟು ಖುಷಿಯಿಂದ ನೇಯ್ದಿದ್ದಾರಲ್ಲ, ನನಗೆ ಬೇಕಾದದ್ದೂ ಅದೇ. ಸುಮ್ನೆ ಸುಳ್ಳು ಇಸವಿ ಯಾಕೆ?

ಅವಳಿ ಗೋಪುರಕ್ಕೆ ವಿಮಾನ ಬಡಿಯುವ ಗಂಬಳಿಗಳೂ ಅಲ್ಲಿವೆ. 2001ರ ನಂತರ ವಿದೇಶಿ ಗಿರಾಕಿಗಳಿಗೆ ಅಂತ ಜಾಸ್ತಿ ನೇಯ್ದ ಬಗೆ ಅದು. ನಾನು ನೋಡಿದ ಎರಡರಲ್ಲೂ ಗಂಟು ಒರಟು, ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಬೇಡ.

ಹೋಗುವುದಾದರೆ ಹಗಲಲ್ಲೇ ಹೋಗಿ, ಗಂಬಳಿಯನ್ನು ಬಾಗಿಲಿಗೆ ತಂದು ಬಿಸಿಲಲ್ಲಿ ನೋಡಿ. ಟ್ಯೂಬ್‌ಲೈಟಿನಲ್ಲಿ ಆ ಕೆಂಪು ಗೊತ್ತಾಗುವುದಿಲ್ಲ. ಭಾನುವಾರ ಮಾತ್ರ ಗಾಡಿ ತೆಗೆದುಕೊಂಡು ಹೋಗಬೇಡಿ, ನಿಲ್ಲಿಸಲು ಜಾಗವೇ ಸಿಗುವುದಿಲ್ಲ.