ಗೇರ್‌ಬಾಕ್ಸ್‌ಗೂ ಟ್ರಾನ್ಸ್‌ಫರ್ ಕೇಸ್‌ಗೂ ನಡುವೆ: ಕಾಗದವೋ, ಸಿಲಿಕಾನೋ, ಕೆಂಪು ಅಂಟೋ?

ಜೀಪಿನ ಗೇರ್‌ಬಾಕ್ಸೂ ಅದರ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸೂ ಕೂಡುವ ಜಾಗದಲ್ಲಿ ಎಣ್ಣೆ ಸೋರದಂತೆ ಏನು ಹಾಕಬೇಕು ಎಂಬುದು ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಕಾಗದದ ಪ್ಯಾಕಿಂಗ್‌ಗೆ. ಹಾಗೆಂದು ಸಿಲಿಕಾನ್ ಟ್ಯೂಬನ್ನು ಮನೆಯಿಂದ ಆಚೆ ಎಸೆದಿಲ್ಲ. ಅದರಲ್ಲಿ ಕಡಲೆಕಾಳಿನಷ್ಟು ನನಗೂ ಬೇಕಾಯಿತು. ಎಲ್ಲಿಗೆ ಬೇಕು ಎಂದು ತಿಳಿಯುವಷ್ಟರಲ್ಲಿ ಜೀಪಿನ ಹೊಟ್ಟೆಯನ್ನು ಮೂರು ಸಲ ಬಿಚ್ಚಿದ್ದೆವು.

ಗಾಡಿ ಸಿಜೆ-3ಬಿ, ಎತ್ತರದ ಬಾನೆಟ್ಟಿನದು. ಅಮೆರಿಕದಲ್ಲಿ 1953ರಿಂದ 1968ರವರೆಗೆ ತಯಾರಾದ ಈ ಮಾದರಿ ನಮ್ಮ ದೇಶದಲ್ಲಿ ಆಮೇಲೂ ಬಹುಕಾಲ ತಯಾರಾಯಿತು. ಮೂರು ಗೇರಿನ ಟಿ-90 ಗೇರ್‌ಬಾಕ್ಸ್, ಅದರ ಬೆನ್ನಿಗೆ ಬೋಲ್ಟ್ ಬಿಗಿದು ಕೂರಿಸಿದ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್. ನನ್ನ ಗಾಡಿಯಲ್ಲಿ ಇವೆರಡರ ಎಣ್ಣೆಯೂ ಬೇರೆ ಬೇರೆಯಾಗಿ ನಿಲ್ಲುತ್ತದೆ, ಎಣ್ಣೆ ತುಂಬುವ ಪ್ಲಗ್ಗೂ ಬೇರೆ.

ಕಾಫಿ ಕೊಯ್ಲಿನ ಸಮಯದಲ್ಲಿ ಒಂದು ಸಂಜೆ, ಮೂಟೆ ಇಳಿಸಲು ಕಣದ ಪಕ್ಕದ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದೆ. ಜೀಪು ತಾನಾಗಿಯೇ ಹೊರಟು ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು. ಮರಕ್ಕೇನೂ ಆಗಲಿಲ್ಲ. ಈ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಡ್ರಮ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ. ಬಿಚ್ಚಿ ನೋಡಿದರೆ ಬ್ರೇಕ್ ಶೂ ಎಣ್ಣೆಯಲ್ಲಿ ಅದ್ದಿ ತೆಗೆದಂತಿತ್ತು. ಗೇರ್‌ಬಾಕ್ಸಿನ ಪ್ಲಗ್ ತೆಗೆದು ಬೆರಳು ಹಾಕಿದರೆ ಎಣ್ಣೆ ತಾಗಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಪ್ಲಗ್ ತೆಗೆದ ಕೂಡಲೇ ಮೊಣಕೈವರೆಗೆ ಸುರಿಯಿತು. ಮುಂದಿನ ಪೆಟ್ಟಿಗೆಯ ಎಣ್ಣೆ ಹಿಂದಿನದಕ್ಕೆ ಹೋಗಿ, ಅಲ್ಲಿ ಹಿಡಿಸದೆ ಬ್ರೇಕಿನ ಮೇಲೆ ಇಳಿದಿತ್ತು.

ಪಟ್ಟಣದ ಒಂದು ಗ್ಯಾರೇಜಿನಲ್ಲಿ ಎರಡನ್ನೂ ಬೇರ್ಪಡಿಸಿ, ತಿರುಗುವ ಭಾಗದ ಸುತ್ತ ಎಣ್ಣೆ ತಡೆಯುವ ಹೊಸ ಆಯಿಲ್ ಸೀಲ್ ಹಾಕಿ, ಪ್ಯಾಕಿಂಗ್ ಇಲ್ಲದೆ ಬರೀ ಸಿಲಿಕಾನ್ ಬಳಿದು ಕೂಡಿಸಿದರು. ಮಳೆಗಾಲಕ್ಕೆ ಮೊದಲೇ ಕೆಲಸ ಮುಗಿಯಿತೆಂದು ನಾನೂ ಖುಷಿಪಟ್ಟೆ. ಆರು ವಾರಕ್ಕೆ ಮತ್ತೆ ಅದೇ ಕಥೆ: ಮುಂದೆ ಖಾಲಿ, ಹಿಂದೆ ತುಂಬಿ ತುಳುಕು. ನ್ಯಾಯವಾಗಿ ಹೇಳಬೇಕೆಂದರೆ ಸಿಲಿಕಾನ್ ಬಳಿದ ಜಾಗದಿಂದ ಹೊರಕ್ಕೆ ಒಂದು ಹನಿಯೂ ಬಂದಿರಲಿಲ್ಲ. ಗಾಳಿಯ ತೇವ ಹೀರಿಯೇ ಗಟ್ಟಿಯಾಗುವ ವಸ್ತುವಾದ್ದರಿಂದ ಮಲೆನಾಡಿನಲ್ಲಿ ಅದಕ್ಕೆ ಯಾವ ಕೊರತೆಯೂ ಇಲ್ಲ. ನನ್ನ ತಕರಾರು ಬಿಚ್ಚುವ ದಿನದ್ದು. ಎರಡು ಎರಕದ ತುಂಡುಗಳು ಒಂದೇ ಆಗಿಬಿಟ್ಟಿದ್ದವು. ಸ್ಕ್ರೂಡ್ರೈವರ್ ಹಾಕಿ ಮೀಟಿದ್ದಕ್ಕೆ ಎರಕದ ಕೂಡುವ ಮುಖದ ಮೇಲೆ ಎರಡು ಗಾಯಗಳಾದವು. ಒಳಗೆ ನೋಡಿದರೆ ಹಿಂಡಿ ಬಂದ ಸಿಲಿಕಾನ್ ಶಾವಿಗೆಯಂತೆ ಎಣ್ಣೆಯಲ್ಲಿ ತೇಲುತ್ತಿತ್ತು.

ಎರಡನೆಯ ಸಲ ನಾನೇ ಕೈಹಾಕಿದೆ. ಗಾಳಿ ತಾಗದ ಸಂದಿಯಲ್ಲಿ, ಲೋಹಗಳ ನಡುವೆ ಮಾತ್ರ ಗಟ್ಟಿಯಾಗುವ ಅನ್‌ಏರೋಬಿಕ್ ಎಂಬ ಕೆಂಪು ಅಂಟು ತಂದೆ. ಸಿಲಿಕಾನಿಗಿಂತ ಹಲವು ಪಟ್ಟು ದುಬಾರಿ. ಒಳಗೆ ಹಿಂಡಿದ ಭಾಗ ದ್ರವವಾಗಿಯೇ ಉಳಿದು ಎಣ್ಣೆಯೊಂದಿಗೆ ಬೆರೆಯುತ್ತದೆ ಎಂಬುದು ಅದರ ದೊಡ್ಡ ಗುಣ. ಆದರೆ ಅದು ನುಣುಪಾಗಿ ಕಡೆದ ಮುಖಗಳಿಗೆ ತಕ್ಕದ್ದು. ನನ್ನ ಸ್ಕ್ರೂಡ್ರೈವರ್ ಗಾಯಗಳ ಹತ್ತಿರ ಎರಡೇ ದಿನಕ್ಕೆ ಬೆವರಿತು. ಒಳಗಿನ ಎಣ್ಣೆಯ ವಲಸೆಯಂತೂ ಹಾಗೆಯೇ ಇತ್ತು.

ಆಗ ಬಂದವರು ಜೀಪುಗಳಲ್ಲೇ ತಲೆ ನರೆತ ಒಬ್ಬ ಮೆಕ್ಯಾನಿಕ್. ಹಿಂಬದಿಯ ದುಂಡು ಮುಚ್ಚಳ ತೆಗೆದು, ಸ್ಪ್ಲಿಟ್ ಪಿನ್ ಎಳೆದು, ದೊಡ್ಡ ನಟ್ ಸಡಿಲಿಸಿ, ಗೇರನ್ನು ಹೊರಗೆಳೆದರು. ಶಾಫ್ಟನ್ನು ಮುಂದಕ್ಕೆ ಒತ್ತಿ ಹಿಡಿಯಲು ನನಗೆ ಹೇಳಿದರು. ಇಲ್ಲದಿದ್ದರೆ ಶಾಫ್ಟೂ ಜೊತೆಗೆ ಹಿಂದೆ ಸರಿದು ಗೇರು ಬದಲಿಸುವಾಗ ವೇಗ ಹೊಂದಿಸುವ ಸಿಂಕ್ರೋದ ಚೂರುಗಳು ಗೇರ್‌ಬಾಕ್ಸಿನೊಳಗೆ ಉದುರುತ್ತವೆ. ಆಮೇಲೆ ಶಾಫ್ಟಿನ ಸ್ಪ್ಲೈನ್, ಅಂದರೆ ಗೇರು ಕೂರುವ ಉದ್ದುದ್ದ ಹಲ್ಲುಗಳ ಮೇಲೆ ಟಾರ್ಚ್ ಬಿಟ್ಟು, "ಗೌಡರೇ, ನೀವು ಬೇಲಿಯನ್ನೇ ಮೂರು ಸಲ ಕಟ್ಟಿದ್ದೀರಿ. ಎಣ್ಣೆ ಹೋಗುತ್ತಿರುವುದು ಈ ಹಲ್ಲುಗಳ ಸಂದಿಯಲ್ಲಿ" ಎಂದರು. ಎರಡೇ ಸಲ ಎಂದು ತಿದ್ದುವ ಧೈರ್ಯ ನನಗಿರಲಿಲ್ಲ.

ವಿಷಯ ಇಷ್ಟು. ಗೇರ್‌ಬಾಕ್ಸಿನ ಹಿಂದಿನ ಬೇರಿಂಗ್‌ಗೂ ಟ್ರಾನ್ಸ್‌ಫರ್ ಕೇಸಿನ ಗೇರಿಗೂ ನಡುವೆ ಒಂದು ಸ್ಪೇಸರ್ ಬಳೆ ಇದೆ. ಆಯಿಲ್ ಸೀಲಿನ ತುಟಿ ಆ ಬಳೆಯ ಹೊರಮೈಯನ್ನು ಹಿಡಿಯುತ್ತದೆ. ಒಳಮೈಯನ್ನು ಹಿಡಿಯುವವರು ಯಾರೂ ಇಲ್ಲ. ಬಳೆಗೂ ಶಾಫ್ಟಿಗೂ ನಡುವೆ ನುಸುಳಿದ ಎಣ್ಣೆ ಸ್ಪ್ಲೈನ್‌ನ ಹಳ್ಳಗಳನ್ನೇ ಕಾಲುವೆ ಮಾಡಿಕೊಂಡು, ನಟ್ಟಿನ ಕೆಳಗಿನಿಂದ ಆಚೆ ಪೆಟ್ಟಿಗೆಗೆ ಇಳಿಯುತ್ತದೆ. ಹೊರಮೈಯಲ್ಲೂ ಹಳೆಯ ಸೀಲ್ ಉಜ್ಜಿ ಗೆರೆ ಬಿದ್ದಿತ್ತು. ಹೊಸ ಬಳೆ ಸಿಗಲಿಲ್ಲ. ಅವರು ಹಳೆಯದನ್ನೇ ಎಮರಿ ಕಾಗದದಿಂದ ನುಣುಪು ಮಾಡಿ, ತುಟಿ ಹಳೆಯ ಗೆರೆಯ ಮೇಲೆ ಕೂರದಂತೆ ಸೀಲನ್ನು ಸ್ವಲ್ಪವೇ ಸರಿಸಿ ಕೂರಿಸಿದರು. ಸ್ಪ್ಲೈನನ್ನು ಪೆಟ್ರೋಲಿನಲ್ಲಿ ಒರೆಸಿ, ಒಣಗಿಸಿ, ಬಳೆಯ ಒಳಗೂ ನಟ್ಟಿನ ವಾಷರ್ ಕೆಳಗೂ ಸಿಲಿಕಾನ್ ಸವರಿದರು. ಕಡಲೆಕಾಳು ಎಂದೆನಲ್ಲ, ಅದು ಇಲ್ಲಿಗೆ.

ಎರಡು ಪೆಟ್ಟಿಗೆಗಳ ನಡುವೆ ಮಾತ್ರ ಕಾಗದ. ಹಾಳೆಯನ್ನು ಎರಕದ ಅಂಚಿನ ಮೇಲಿಟ್ಟು ಸುತ್ತಿಗೆಯ ದುಂಡು ತುದಿಯಿಂದ ಮೆಲ್ಲನೆ ತಟ್ಟುತ್ತಾ ಹೋದರೆ ಅಚ್ಚುಕಟ್ಟಾಗಿ ಕತ್ತರಿಸಿಕೊಳ್ಳುತ್ತದೆ. ಎರಡೂ ಬದಿಗೆ ಗಟ್ಟಿಯಾಗದ ಸೀಲಿಂಗ್ ಅಂಟು ತೆಳ್ಳಗೆ ಹಚ್ಚಬೇಕು. ನನ್ನ ಗಾಯಗಳನ್ನು ಕಾಗದ ತನ್ನ ಮೆತುವಿನಿಂದಲೇ ತುಂಬಿತು. ಖರ್ಚು ನೂರು ರೂಪಾಯಿಯನ್ನು ದಾಟಲಿಲ್ಲ. ಮುಂದಿನ ಸಲ ಬಿಚ್ಚುವಾಗ ರಬ್ಬರ್ ಸುತ್ತಿಗೆಯ ಎರಡು ಪೆಟ್ಟು ಸಾಕು.

ಎಣ್ಣೆಯ ವಿಷಯಕ್ಕೆ ಬಂದರೆ, ಸೋರಿಕೆ ನಿಧಾನವಾಗಲಿ ಎಂದು 140ರ ದಪ್ಪ ಎಣ್ಣೆ ಹಾಕಿ ನೋಡಿದ್ದೆ. ಡಿಸೆಂಬರ್ ಬೆಳಿಗ್ಗೆ ಎರಡನೇ ಗೇರಿಗೆ ಎರಡೂ ಕೈ ಬೇಕಾಯಿತು. ಜಿಎಲ್-5 ದರ್ಜೆಯ ಗೇರ್ ಎಣ್ಣೆ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಅದರ ಗಂಧಕ-ರಂಜಕದ ಸೇರ್ಪಡೆಗಳು ಹಿತ್ತಾಳೆಯ ಸಿಂಕ್ರೋ ಬಳೆಗಳಿಗೆ ಒಳ್ಳೆಯದಲ್ಲ. ಎರಡೂ ಪೆಟ್ಟಿಗೆಗೆ ಈಗ 80ಡಬ್ಲ್ಯು-90 ಜಿಎಲ್-4, ಒಟ್ಟು ಮೂರು ಲೀಟರ್ ಕೊಂಡರೆ ಸಾಕಾಗುತ್ತದೆ.

ಸ್ಪ್ಲೈನಿಗೆ ಗ್ರೀಸ್ ತುಂಬಿ ಎಂದು ಒಬ್ಬರು ಹೇಳಿದ್ದರು. ಈ ಸಂಧಿ ಎರಡು ಸೀಲ್‌ಗಳ ನಡುವೆ ಒಣಗಿಯೇ ಇರುವ ಕೆಲವು ಪಿಕಪ್‌ಗಳಿಗೆ ಆ ಮಾತು ಸರಿ. ಅಲ್ಲಿ ಗ್ರೀಸ್ ಇಲ್ಲದಿದ್ದರೆ ಹಲ್ಲುಗಳು ಉಜ್ಜಿ ಕೆಂಪು ತುಕ್ಕಿನ ಪುಡಿ ಉದುರುತ್ತದೆ, ಮಾಲಿಬ್ಡಿನಮ್ ಗ್ರೀಸೇ ಬೇಕು. ನಮ್ಮದರಲ್ಲಿ ಗೇರು ಎಣ್ಣೆಯಲ್ಲೇ ತಿರುಗುವುದರಿಂದ ಗ್ರೀಸ್ ತೊಳೆದು ಹೋಗುತ್ತದೆ, ಸಿಲಿಕಾನ್ ಹಿಡಿಯಲೂ ಬಿಡುವುದಿಲ್ಲ.

ಹೊಸ ಗಾಡಿ, ಗಾಯವಿಲ್ಲದ ಮುಖ, ಮತ್ತೆ ಹತ್ತು ವರ್ಷ ಬಿಚ್ಚುವ ಯೋಚನೆಯಿಲ್ಲ ಎನ್ನುವವರು ಕೆಂಪು ಅಂಟನ್ನೇ ಹಾಕಿಕೊಳ್ಳಲಿ. ನಾನು ಎರಡು ವರ್ಷಕ್ಕೊಮ್ಮೆ ಏನಾದರೂ ಬಿಚ್ಚದೆ ಇರುವವನಲ್ಲ. ಕತ್ತರಿಸಿಟ್ಟ ಇನ್ನೊಂದು ಪ್ಯಾಕಿಂಗ್ ಶೆಡ್ಡಿನ ಮೊಳೆಗೆ ನೇತಾಡುತ್ತಿದೆ. ತಿಂಗಳಿಗೊಮ್ಮೆ ಎರಡೂ ಪ್ಲಗ್ ತೆಗೆದು ಬೆರಳು ಹಾಕಿ ನೋಡುತ್ತೇನೆ. ಎಂಟು ತಿಂಗಳಾಯಿತು, ಎರಡೂ ಕಡೆ ಎಣ್ಣೆ ಇದ್ದಲ್ಲೇ ಇದೆ. ಕಣದ ಇಳಿಜಾರಿನಲ್ಲಿ ಚಕ್ರಕ್ಕೆ ಕಲ್ಲು ಕೊಡುವುದನ್ನು ಮಾತ್ರ ನಮ್ಮ ಮನೆಯವರು ಇನ್ನೂ ನಿಲ್ಲಿಸಲು ಬಿಟ್ಟಿಲ್ಲ.